ಅಣಕು ಸರ್ವರ್ ಮತ್ತು 370 ರೂಪಾಯಿ: ಖಾತ್ರಿ ಹಾಜರಿಯ ಆ್ಯಪ್‌ಗೆ ಯಾರೂ ಕೇಳದ ಪ್ರಶ್ನೆ

ಇಂಗ್ಲಿಷ್ ಬಾರದವರ ಬಾಯಲ್ಲೂ ಸಲೀಸಾಗಿ ಓಡಾಡುವ ಇಂಗ್ಲಿಷ್ ಮಾತು ಯಾವುದು ಅಂತ ಕೇಳಿದರೆ ನಾನು ‘ಸರ್ವರ್ ಡೌನ್’ ಅಂತೀನಿ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲು ನಿಂತವರು, ನಾಡಕಚೇರಿಗೆ ಜಾತಿ ಪ್ರಮಾಣಪತ್ರಕ್ಕೆ ಹೋದವರು, 2023ರಲ್ಲಿ ಗೃಹಜ್ಯೋತಿ, ಗೃಹಲಕ್ಷ್ಮಿ ಅರ್ಜಿ ಹಾಕಲು ಸರದಿಯಲ್ಲಿ ನಿಂತವರು ಎಲ್ಲರೂ ಇದನ್ನು ಕೇಳಿದ್ದಾರೆ. ಆಗ ಸರ್ವರನ್ನು ಕೇಂದ್ರ ಸರ್ಕಾರವೇ ಹ್ಯಾಕ್ ಮಾಡಿದೆ ಅಂತ ರಾಜ್ಯದ ಸಚಿವರೊಬ್ಬರು ಆರೋಪಿಸಿದ್ದೂ ನಿಮಗೆ ನೆನಪಿರಬಹುದು. ಈ ಮಾತಿನ ಮಹಿಮೆ ಏನೆಂದರೆ, ಅದನ್ನು ಹೇಳಿದ ಕೂಡಲೇ ತಪ್ಪು ಯಾರದೂ ಅಲ್ಲ ಅನ್ನಿಸಿಬಿಡುತ್ತದೆ. ಸಿಡಿಲು ಬಡಿಯಿತು, ಹಳ್ಳ ಬಂತು, ಸರ್ವರ್ ಡೌನ್ ಆಯಿತು.

ನಾನು ಎಂಜಿನಿಯರಿಂಗ್ ಓದಿ, ಕೆಲವು ವರ್ಷ ಆ್ಯಪ್ ಬರೆಯುವ ಕೆಲಸ ಮಾಡಿ, ಆಮೇಲೆ ಪತ್ರಿಕೋದ್ಯಮಕ್ಕೆ ಬಂದವನು. ಆ ಕಸುಬಿನ ಒಳಗಿನ ಒಂದು ಸಣ್ಣ ಗುಟ್ಟು ಹೇಳ್ತೀನಿ. ಸರ್ವರ್ ಬೀಳುವುದು, ನೆಟ್‌ವರ್ಕ್ ಹೋಗುವುದು ಆ್ಯಪ್ ಬರೆಯುವವರಿಗೆ ಸಿಡಿಲಿನ ಹಾಗೆ ಬರುವ ಸಂಗತಿ ಅಲ್ಲವೇ ಅಲ್ಲ. ಅದನ್ನು ತಮ್ಮ ಮೇಜಿನ ಮೇಲೆ, ಬೇಕೆಂದೇ, ದಿನಕ್ಕೆ ನೂರು ಸಲ ಮಾಡಿ ನೋಡಬಹುದು. ಅದಕ್ಕೆ ಸಾಧನಗಳಿವೆ, ದುಡ್ಡು ಕೊಡಬೇಕಿಲ್ಲ. ಅಂಥದ್ದರಲ್ಲೊಂದರ ಹೆಸರು ಮಾಕ್‌ವೆಬ್‌ಸರ್ವರ್. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಇಲ್ಲಿ ವಿವರಿಸುತ್ತೇನೆ. ಉದಾಹರಣೆಗೆ ಆಹಾರ ತರಿಸುವ ಆ್ಯಪನ್ನು ತಗೋಬಹುದಿತ್ತು. ಆದರೆ ಒಂದು ದಿನದ ಕೂಲಿ ಪೂರ್ತಿಯಾಗಿ ನೇತುಬಿದ್ದಿರುವ ಆ್ಯಪ್ ಒಂದಿದೆ. ಅದನ್ನೇ ತಗೊಳ್ಳೋಣ.

ಉದ್ಯೋಗ ಖಾತ್ರಿಯ ಹಾಜರಿ ಹಿಡಿಯುವ ಎನ್‌ಎಂಎಂಎಸ್ ಆ್ಯಪ್ ಬಿಡುಗಡೆಯಾದದ್ದು 2021ರ ಮೇ 21ರಂದು. 2022ರ ಮೇ ತಿಂಗಳಲ್ಲಿ 20 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಾಮಗಾರಿಗಳಿಗೆ ಕಡ್ಡಾಯ ಮಾಡಿದರು. 2023ರ ಜನವರಿ 1ರಿಂದ, ವೈಯಕ್ತಿಕ ಫಲಾನುಭವಿಗಳ ಕೆಲಸ ಬಿಟ್ಟರೆ, ಉಳಿದ ಎಲ್ಲ ಕಡೆ ಕಡ್ಡಾಯ. ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೋ ತೆಗೆಯಬೇಕು. ಫೋಟೋದಲ್ಲಿ ಸಮಯವೂ ಜಾಗವೂ ದಾಖಲಾಗಿರಬೇಕು. ಅದು ಸರ್ವರ್‌ಗೆ ಮುಟ್ಟಿದರೆ ಹಾಜರಿ. ಇದರ ವಿರುದ್ಧ, ಆಧಾರ್ ಜೋಡಿಸಿದ ಪಾವತಿಯ ವಿರುದ್ಧ, ಬಜೆಟ್ ಕಡಿತದ ವಿರುದ್ಧ 2023ರಲ್ಲಿ ದಿಲ್ಲಿಯ ಜಂತರ್ ಮಂತರ್‌ನಲ್ಲಿ ಕೂಲಿಕಾರರು 100 ದಿನದ ಧರಣಿ ಹೂಡಿದ್ದರು. ಧರಣಿಯ ಸುದ್ದಿ ನಮ್ಮ ಟೀವಿಗಳಲ್ಲಿ ಎಷ್ಟು ಬಂತು ಅನ್ನುವುದು ನಿಮಗೇ ಗೊತ್ತು.

ಈಗ ಲೆಕ್ಕಕ್ಕೆ ಒಂದು ಊರು ಬೇಕು. ರಾಯಚೂರು ಜಿಲ್ಲೆಯ ಸಂತೆಕಲ್ಲೂರು ಅನ್ನೋಣ. ಹಿಂದೆ ಲಿಂಗಸುಗೂರು ತಾಲೂಕಿನಲ್ಲಿತ್ತು, ಈಗ ಮಸ್ಕಿಗೆ ಸೇರಿದೆ. ‘ಕೃಷಿ ಜ್ಞಾನ ಪ್ರದೀಪಿಕೆ’ ಬರೆದ ಘನಮಠ ಶಿವಯೋಗಿಗಳ ಹೆಸರಿನ ಮಠ ಇರುವ ಊರು. ಇಲ್ಲಿ ಹೀಗಾಯಿತು, ಹಾಗಾಯಿತು ಅಂತ ನಾನು ವರದಿ ಮಾಡುತ್ತಿಲ್ಲ. ಬೇಸಿಗೆ ಬಂತೆಂದರೆ ಜನ ಬೆಂಗಳೂರಿಗೆ ಗುಳೆ ಹೋಗುವ, ಗುಳೆ ತಪ್ಪಿಸಲು ಖಾತ್ರಿ ಕೆಲಸವನ್ನೇ ನೆಚ್ಚಿಕೊಳ್ಳುವ ಸೀಮೆಯ ಒಂದು ಊರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಯೋಚಿಸಲಿ ಅಂತಷ್ಟೇ. ಊರ ಹೊರಗೆ, ಹಳ್ಳದ ಆಚೆ ಬದು ಹಾಕುವ ಕೆಲಸ ನಡೆದಿದೆ. 40 ಜನ ಇದ್ದಾರೆ. ಕಾಯಕ ಬಂಧು, ಅಂದರೆ ಮೇಟ್, ತನ್ನ ಫೋನು ಎತ್ತಿ ಹಿಡಿದು ಸಿಗ್ನಲ್ ಹುಡುಕುತ್ತಿದ್ದಾಳೆ. ಕರ್ನಾಟಕದಲ್ಲಿ 2025-26ಕ್ಕೆ ಗೊತ್ತು ಮಾಡಿದ ಕೂಲಿ ದಿನಕ್ಕೆ 370 ರೂಪಾಯಿ. 40 ಜನಕ್ಕೆ 14,800. ಅಷ್ಟು ದುಡ್ಡು ಆ ಫೋನಿನ ಪರದೆಯ ಮೇಲೆ ಗಿರಗಿರ ತಿರುಗುವ ಒಂದು ಸಣ್ಣ ವೃತ್ತದೊಳಗಿದೆ. ‘ಫೋಟೋ ಹೋಗವಲ್ದು’ ಅನ್ನುವುದು ಈ ಕಡೆಯ ಭಾಷೆ. ಮಸ್ಕಿಯ ಬಂಡೆಯ ಮೇಲೆ ಅಶೋಕ ಕೆತ್ತಿಸಿದ ಶಾಸನ 1915ರಲ್ಲಿ ಬೆಳಕಿಗೆ ಬಂತು. ಎರಡು ಸಾವಿರಕ್ಕೂ ಹೆಚ್ಚು ವರ್ಷದ ಮೇಲೂ ಅದನ್ನು ನೆಟ್‌ವರ್ಕ್ ಇಲ್ಲದೆ ಓದಬಹುದು. ಖಾತ್ರಿ ಹಾಜರಿಗೆ ಆ ಭಾಗ್ಯ ಇಲ್ಲ.

ಅಣಕು ಸರ್ವರ್ ಅಂದರೆ ಏನು

ಆ ವೃತ್ತ ತಿರುಗುವಾಗ ಒಳಗೆ ನಡೆಯುವುದು ಇಷ್ಟು. ಆ್ಯಪ್ ಒಂದು ರಿಕ್ವೆಸ್ಟ್ ಕಳಿಸುತ್ತದೆ. ಅಂದರೆ ಒಂದು ಅರ್ಜಿ: ಯಾವ ಕಾಮಗಾರಿ, ಯಾರ್ಯಾರು ಬಂದಿದ್ದಾರೆ, ಎಷ್ಟು ಗಂಟೆ, ಯಾವ ಜಾಗ, ಜೊತೆಗೆ ಫೋಟೋ. ಸರ್ವರ್ ಮೂರಂಕಿಯ ಉತ್ತರ ಕೊಡುತ್ತದೆ. 200 ಅಂದರೆ ಮುಟ್ಟಿತು. 500 ಅಂದರೆ ನನ್ನ ಕಡೆ ಏನೋ ಕೆಟ್ಟಿದೆ. 503 ಅಂದರೆ ಈಗ ಆಗಲ್ಲ, ಆಮೇಲೆ ಬಾ. ನಮ್ಮ ಕಚೇರಿಗಳ ಕಿಟಕಿಗಳಿಗೂ ಇದಕ್ಕೂ ದೊಡ್ಡ ವ್ಯತ್ಯಾಸವೇನಿಲ್ಲ.

ಆ್ಯಪ್ ಬರೆಯುವವರು ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ವೈಫೈ ಕೆಳಗೆ ಕೂತು ಅರ್ಜಿ ಕಳಿಸಿ ನೋಡುತ್ತಾರೆ. ನಿಮಿಷಾರ್ಧದಲ್ಲಿ 200 ಬರುತ್ತದೆ. ಆ್ಯಪ್ ಸರಿಯಾಗಿದೆ ಅಂತ ಬರೆದುಕೊಳ್ಳುತ್ತಾರೆ. ಅಸಲಿ ಸರ್ವರ್ ಜೊತೆ ಪರೀಕ್ಷೆ ಮಾಡುವುದರ ತೊಂದರೆಯೇ ಇದು. ಅದು ಚೆನ್ನಾಗಿರುವಾಗ ಚೆನ್ನಾಗಿಯೇ ಇರುತ್ತದೆ. ‘ಒಂದು ಸಲ ಬಿದ್ದು ತೋರಿಸು ಮಾರಾಯ’ ಅಂತ ಅದಕ್ಕೆ ಹೇಳಲು ಬರುವುದಿಲ್ಲ.

ಮಾಕ್ ಅಂದರೆ ಅಣಕು. ಅಣಕು ಸಂಸತ್ತು, ಅಣಕು ಶವಯಾತ್ರೆ ನಿಮಗೆ ಹೊಸದಲ್ಲ. ಹಾಗೇ ಇದು ಅಣಕು ಸರ್ವರ್. ಸ್ಕ್ವೇರ್ ಅನ್ನುವ ಅಮೆರಿಕನ್ ಕಂಪನಿ ಎಲ್ಲರಿಗೂ ಬಿಟ್ಟುಕೊಟ್ಟ ಓಕೆಎಚ್‌ಟಿಟಿಪಿ ಅನ್ನುವ ಕೋಡಿನ ಕಟ್ಟು ಇದೆ. ಆಂಡ್ರಾಯ್ಡ್ ಆ್ಯಪ್‌ಗಳು ಸರ್ವರ್ ಜೊತೆ ಮಾತಾಡಲು ಅದನ್ನು ಬಹಳ ಬಳಸುತ್ತವೆ. ಮಾಕ್‌ವೆಬ್‌ಸರ್ವರ್ ಅದೇ ಮನೆಯ ಕೂಸು. ಆ್ಯಪ್ ಬರೆಯುವವನ ಲ್ಯಾಪ್‌ಟಾಪ್ ಒಳಗೇ ಒಂದು ಪುಟ್ಟ ಸರ್ವರ್ ಎದ್ದು ಕೂರುತ್ತದೆ. ಆ್ಯಪ್‌ಗೆ ‘ಇನ್ನು ಮೇಲೆ ನಿನ್ನ ಸರ್ವರ್ ಇದೇ’ ಅಂತ ವಿಳಾಸ ಬದಲಿಸಿ ಕೊಡುತ್ತಾರೆ. ಆ್ಯಪ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದು ನಿಜವಾದ ನೆಟ್‌ವರ್ಕ್ ಅರ್ಜಿಯನ್ನೇ ಕಳಿಸುತ್ತದೆ.

ಈ ಅಣಕು ಸರ್ವರ್ ಎರಡು ಕೆಲಸ ಮಾಡುತ್ತದೆ. ಒಂದು, ನೀವು ಮೊದಲೇ ಬರೆದುಕೊಟ್ಟ ಉತ್ತರಗಳನ್ನು ಸರದಿಯಂತೆ ಕೊಡುವುದು. ಮೊದಲನೇ ಅರ್ಜಿಗೆ 500 ಅನ್ನು, ಎರಡನೆಯದಕ್ಕೆ ಬಾಯಿ ಮುಚ್ಚಿಕೊಂಡು ಸುಮ್ಮನಿರು, ಮೂರನೆಯದಕ್ಕೆ 200 ಅನ್ನು ಅಂದರೆ ಹಾಗೇ ಮಾಡುತ್ತದೆ. ಸೆಕೆಂಡಿಗೆ ಇಷ್ಟೇ ಬೈಟ್ ದಾಟಿಸು ಅಂದರೆ ಹಳ್ಳಿಯ 2ಜಿ ಥರ ತೆವಳುತ್ತದೆ. ಎರಡು, ಆ್ಯಪ್ ಏನು ಕಳಿಸಿತು ಅನ್ನುವುದನ್ನು ಅಕ್ಷರಶಃ ಬರೆದಿಟ್ಟುಕೊಂಡು ಆಮೇಲೆ ತೋರಿಸುವುದು. ಇದಕ್ಕೆ ಟೇಕ್‌ರಿಕ್ವೆಸ್ಟ್ ಅಂತ ಹೆಸರು. ಆ್ಯಪ್ ಪರದೆಯ ಮೇಲೆ ಏನು ಹೇಳಿತು ಅನ್ನುವುದು ಬೇರೆ, ತಂತಿಯ ಮೇಲೆ ನಿಜಕ್ಕೂ ಏನು ಕಳಿಸಿತು ಅನ್ನುವುದು ಬೇರೆ. ರಾಜಕಾರಣ ಗಮನಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತೆವಳುವ ನೆಟ್‌ವರ್ಕ್‌ನಿಂದ ಶುರು ಮಾಡೋಣ. ಓಕೆಎಚ್‌ಟಿಟಿಪಿಯಲ್ಲಿ ಯಾರೂ ಕೈ ಹಾಕಿ ಬದಲಿಸದೆ ಇದ್ದರೆ, ಉತ್ತರಕ್ಕೆ ಕಾಯುವ ಗಡುವು 10 ಸೆಕೆಂಡು. ವೈಫೈ ಕೆಳಗೆ ಕೂತವರಿಗೆ ಅದು ಒಂದು ಯುಗ. ಹಳ್ಳದ ಆಚೆ ಒಂದೇ ಕಡ್ಡಿ ಸಿಗ್ನಲ್‌ನಲ್ಲಿ ಅದು ಉಗುಳು ನುಂಗುವಷ್ಟು ಹೊತ್ತು. ಅಣಕು ಸರ್ವರ್‌ಗೆ ‘15 ಸೆಕೆಂಡು ತಡಮಾಡಿ 200 ಕೊಡು’ ಅಂತ ಹೇಳಿ ಆ್ಯಪ್ ಏನು ಮಾಡುತ್ತದೆ ನೋಡಬಹುದು. ಮುಖ ತಿರುಗಿಸಿಕೊಂಡು ಹೋಗುತ್ತದಾ? ಮತ್ತೆ ಪ್ರಯತ್ನಿಸುತ್ತದಾ? ತೆಗೆದ ಫೋಟೋವನ್ನು ಇಟ್ಟುಕೊಂಡಿರುತ್ತದಾ, ಇಲ್ಲಾ ಎಸೆದುಬಿಡುತ್ತದಾ? ಒಂದೊಂದು ಪರೀಕ್ಷೆಯೂ ಹತ್ತಿಪ್ಪತ್ತು ಸಾಲಿನ ಕೋಡು. ಒಂದು ಮಧ್ಯಾಹ್ನದ ಕೆಲಸ.

ಮುಟ್ಟಿದ್ದು ನಿಜ, ಮುಟ್ಟಿತು ಅನ್ನುವ ಸುದ್ದಿ ಮಾತ್ರ ಬರಲಿಲ್ಲ

ಇವೆಲ್ಲಕ್ಕಿಂತ ಕಷ್ಟದ ಪ್ರಸಂಗ ಇನ್ನೊಂದಿದೆ. ಇಡೀ ಲೇಖನ ಬರೆಯಲು ಕೂತದ್ದೇ ಅದಕ್ಕಾಗಿ. ಅಣಕು ಸರ್ವರ್‌ಗೆ ಒಂದು ಆಜ್ಞೆ ಕೊಡಬಹುದು: ಅರ್ಜಿ ಪೂರ್ತಿ ತಗೋ, ತಗೊಂಡ ಮೇಲೆ ಉತ್ತರ ಕೊಡದೆ ಲೈನ್ ಕತ್ತರಿಸು. ಇದು ಕಲ್ಪನೆಯ ಕಷ್ಟವಲ್ಲ. ನೆಟ್‌ವರ್ಕ್ ಹೋಗಿ ಬಂದು ಮಾಡುವ ಕಡೆ ಇದು ಆಗುತ್ತಲೇ ಇರುತ್ತದೆ. ಫೋಟೋ ದಿಲ್ಲಿಗೆ ಮುಟ್ಟಿದೆ. ಸರ್ವರ್ 200 ಅಂದಿದೆ. ಆ 200 ವಾಪಸ್ ಬರುವಷ್ಟರಲ್ಲಿ ಸಿಗ್ನಲ್ ಹೋಗಿದೆ. ಸರ್ವರ್‌ನ ಲೆಕ್ಕದಲ್ಲಿ ಹಾಜರಿ ಬಿದ್ದಿದೆ, ಫೋನಿನ ಲೆಕ್ಕದಲ್ಲಿ ಬಿದ್ದಿಲ್ಲ.

ಕಾಯಕ ಬಂಧು ಏನು ಮಾಡಬೇಕು? ಮತ್ತೆ ಕಳಿಸಿದರೆ ಒಂದೇ ಹಾಜರಿ ಎರಡು ಸಲ ಬೀಳಬಹುದು, ಅಥವಾ ‘ಈಗಾಗಲೇ ದಾಖಲಾಗಿದೆ’ ಅಂತ ಸರ್ವರ್ ತಳ್ಳಿಹಾಕಬಹುದು. ಆ್ಯಪ್ ಅದನ್ನು ‘ವಿಫಲ’ ಅಂತ ಕೆಂಪಕ್ಷರದಲ್ಲಿ ತೋರಿಸಬಹುದು. ಕಳಿಸದಿದ್ದರೆ, ನಿಜಕ್ಕೂ ಮುಟ್ಟದೇ ಇದ್ದ ದಿನ 40 ಜನರ ಕೂಲಿ ಹೋಗುತ್ತದೆ. ಹಾಜರಿ ಹಿಡಿಯುವವಳು ತನ್ನೂರಿನವರ ಬೈಗುಳ ತಿನ್ನುತ್ತಾಳೆ. ಅವಳಿಗೇನೂ ಗೊತ್ತಿಲ್ಲ, ಫೋನಿಗೂ ಏನೂ ಗೊತ್ತಿಲ್ಲ.

ಇದಕ್ಕೆ ಮದ್ದು ಹಳೆಯದು. ಫೋಟೋ ತೆಗೆದ ಕ್ಷಣದಲ್ಲೇ ಫೋನು ಆ ಹಾಜರಿಗೆ ಒಂದು ಗುರುತಿನ ಸಂಖ್ಯೆ ಕೊಡಬೇಕು. ಎಷ್ಟು ಸಲ ಕಳಿಸಿದರೂ ಅದೇ ಸಂಖ್ಯೆ ಹೋಗಬೇಕು. ಸರ್ವರ್ ಅದನ್ನು ನೋಡಿ, ‘ಇದು ನನ್ನ ಹತ್ತಿರ ಇದೆ, ಆಯ್ತು, 200’ ಅನ್ನಬೇಕು. ದುಡ್ಡಿನ ವ್ಯವಹಾರದ ಸಾಫ್ಟ್‌ವೇರ್‌ಗಳಲ್ಲಿ ಇದು ಮೊದಲ ಪಾಠ. ಆ್ಯಪ್ ಹಾಗೆ ಮಾಡುತ್ತದೋ ಇಲ್ಲವೋ ಅನ್ನುವುದನ್ನು ಅಣಕು ಸರ್ವರ್ ಎರಡು ನಿಮಿಷದಲ್ಲಿ ಹೇಳುತ್ತದೆ. ಮೊದಲ ಸಲ ಲೈನ್ ಕತ್ತರಿಸು, ಎರಡನೇ ಸಲ 200 ಕೊಡು, ಬಂದ ಎರಡೂ ಅರ್ಜಿಗಳನ್ನು ಪಕ್ಕಪಕ್ಕ ಇಟ್ಟು ಸಂಖ್ಯೆ ಒಂದೇನಾ ನೋಡು. ಇಷ್ಟೇ.

ಫೋನ್‌ಪೇ ಬಳಸುವ ಎಲ್ಲರಿಗೂ ಈ ಪ್ರಸಂಗ ಗೊತ್ತು. ಖಾತೆಯಿಂದ ದುಡ್ಡು ಹೋಗಿದೆ, ಆ ಕಡೆಯವರಿಗೆ ಬಂದಿಲ್ಲ. ಆಗ ಆ್ಯಪ್ ‘ಆಯ್ತು’ ಅನ್ನುವುದಿಲ್ಲ, ‘ಆಗಲಿಲ್ಲ’ ಅಂತಲೂ ಅನ್ನುವುದಿಲ್ಲ. ‘ಬಾಕಿ ಇದೆ’ ಅನ್ನುತ್ತದೆ. ಇಂಥ ವ್ಯವಹಾರಗಳ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಒಂದು ಸುತ್ತೋಲೆ ಹೊರಡಿಸಿತು. ಯುಪಿಐನಲ್ಲಿ ಒಬ್ಬರಿಂದ ಒಬ್ಬರಿಗೆ ಕಳಿಸಿದ ಹಣ ಹೀಗೆ ನಡುದಾರಿಯಲ್ಲಿ ಸಿಕ್ಕಿಕೊಂಡರೆ ಮರುದಿನದೊಳಗೆ ವಾಪಸ್ ಆಗಬೇಕು. ಆಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಗ್ರಾಹಕ ದೂರು ಕೊಡಲಿ, ಬಿಡಲಿ. ಅಂದರೆ ನೆಟ್‌ವರ್ಕ್ ಕೈಕೊಟ್ಟಾಗ ನಷ್ಟ ಯಾರ ತಲೆಗೆ ಅನ್ನುವುದನ್ನು ಒಂದು ಸಂಸ್ಥೆ ಕೂತು ತೀರ್ಮಾನ ಮಾಡಿತು.

ಖಾತ್ರಿಯಲ್ಲೂ ಅಂಥ ತೀರ್ಮಾನ ಇತ್ತು. 2005ರ ನರೇಗಾ ಕಾಯ್ದೆಯ ಪ್ರಕಾರ ಕೂಲಿ 15 ದಿನದೊಳಗೆ ಬರಬೇಕು. ಮಸ್ಟರ್ ರೋಲ್ ಮುಗಿದ ಮೇಲೆ 16ನೇ ದಿನ ದಾಟಿದರೆ ದಿನಕ್ಕೆ ಶೇ. 0.05ರಷ್ಟು ಪರಿಹಾರ. 370 ರೂಪಾಯಿಗೆ ಲೆಕ್ಕ ಹಾಕಿದರೆ ದಿನಕ್ಕೆ ಹದಿನೆಂಟೂವರೆ ಪೈಸೆ. ಯುಪಿಐಯ 100 ರೂಪಾಯಿಯ ಪಕ್ಕ ಇಟ್ಟರೆ ನಗು ಬರುತ್ತದೆ, ಆದರೂ ತತ್ವ ಸರಿಯಾಗಿತ್ತು: ತಡವಾದರೆ ಹೊಣೆ ಸರ್ಕಾರದ್ದು. ಹಾಜರಿಯೇ ಏರದಿದ್ದರೆ? ಆಗ ಆ ಹದಿನೆಂಟೂವರೆ ಪೈಸೆಯೂ ಇಲ್ಲ. ಯಾಕೆಂದರೆ ದಾಖಲೆಯ ಪ್ರಕಾರ ಆ ದಿನ ಕೆಲಸವೇ ನಡೆದಿಲ್ಲ. ಕಾಯ್ದೆ ಸರ್ಕಾರದ ಹೆಗಲ ಮೇಲೆ ಇಟ್ಟ ಹೊರೆಯನ್ನು ಆ್ಯಪ್ ಸದ್ದಿಲ್ಲದೆ ಕೂಲಿಯವರ ಹೆಗಲಿಗೆ ದಾಟಿಸಿಬಿಟ್ಟಿತು. ಇದಕ್ಕೆ ಯಾರೂ ತಿದ್ದುಪಡಿ ಮಸೂದೆ ಮಂಡಿಸಲಿಲ್ಲ, ಯಾವ ಸದನದಲ್ಲೂ ಮತ ಹಾಕಲಿಲ್ಲ. ಉತ್ತರ ಬರದಿದ್ದಾಗ ಏನು ಮಾಡಬೇಕು ಅನ್ನುವ ಒಂದು ಸಾಲನ್ನು ಎಲ್ಲೋ ಯಾರೋ ಬರೆದರು ಅಥವಾ ಬರೆಯಲಿಲ್ಲ.

ಅದಕ್ಕೇ ನಾನು ಪರೀಕ್ಷೆಯ ಪಟ್ಟಿಯನ್ನು ತಾಂತ್ರಿಕ ಕಾಗದ ಅಂತ ಬದಿಗಿಡಲು ಒಪ್ಪುವುದಿಲ್ಲ. ಪರೀಕ್ಷೆ ಬರೆಯುವವರು ‘ಹೀಗಾದಾಗ ಹೀಗಾಗಬೇಕು’ ಅಂತ ಬರೆಯಲೇಬೇಕು. ಹಾಗೆ ಬರೆಯುವುದು ಅಂದರೆ ನೀತಿ ಬರೆಯುವುದೇ.

ಸಮಯದ ವಿಷಯ ನೋಡಿ. ನೆಟ್‌ವರ್ಕ್ ಇಲ್ಲದ ಕಡೆ ಆಫ್‌ಲೈನ್‌ನಲ್ಲಿ ಫೋಟೋ ತೆಗೆದು, ನೆಟ್‌ವರ್ಕ್ ಸಿಕ್ಕ ಕಡೆ ಹೋಗಿ ಏರಿಸಬಹುದು ಅಂತ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಹೇಳುತ್ತಲೇ ಬಂದಿದೆ. ಒಳ್ಳೆಯದು. ಆದರೆ ಆ ಅರ್ಜಿಯೊಳಗೆ ಹೋಗುವ ಸಮಯ ಯಾವುದು? ಫೋಟೋ ತೆಗೆದ ಗಂಟೆಯಾ, ಏರಿಸಿದ ಗಂಟೆಯಾ? ಜಾಗ ಯಾವುದು, ಬದುವಿನದಾ, ಸಿಗ್ನಲ್ ಸಿಕ್ಕ ಬಸ್‌ಸ್ಟ್ಯಾಂಡಿನದಾ? ನಡುವೆ ಫೋನು ಸ್ವಿಚ್ ಆಫ್ ಆದರೆ, ಆ್ಯಪ್ ಅಪ್‌ಡೇಟ್ ಆದರೆ ಇಟ್ಟ ಫೋಟೋ ಉಳಿಯುತ್ತದಾ? ಟೇಕ್‌ರಿಕ್ವೆಸ್ಟ್ ಇದಕ್ಕೆಲ್ಲ ಬರಹದಲ್ಲಿ ಉತ್ತರ ಕೊಡುತ್ತದೆ. ‘ಆಫ್‌ಲೈನ್‌ನಲ್ಲೂ ನಡೆಯುತ್ತದೆ’ ಅನ್ನುವುದು ಪತ್ರಿಕಾ ಹೇಳಿಕೆ. ‘ಮೂರು ತಾಸು ತಡವಾಗಿ ಏರಿಸಿದರೂ ಅರ್ಜಿಯಲ್ಲಿ ಬೆಳಗಿನ ಸಮಯವೇ ಹೋಗಬೇಕು, ಫೋನು ಆಫ್ ಆಗಿ ಆನ್ ಆದರೂ ಹೋಗಬೇಕು’ ಅನ್ನುವುದು ಪರೀಕ್ಷೆ.

ಏನೂ ಆಗದಿದ್ದರೆ ದಾರಿ ಇದೆ ಅಂತಲೂ ಸಚಿವಾಲಯ ಹೇಳುತ್ತದೆ. ಅಸಾಧಾರಣ ಸಂದರ್ಭದಲ್ಲಿ ಕೈಬರಹದ ಹಾಜರಿಯನ್ನು ಏರಿಸುವ ಅಧಿಕಾರ ಜಿಲ್ಲಾ ಕಾರ್ಯಕ್ರಮ ಸಂಯೋಜಕರಿಗೆ ಇದೆಯಂತೆ. ಸಂತೆಕಲ್ಲೂರಿನವರಿಗೆ ಜಿಲ್ಲೆ ಅಂದರೆ ರಾಯಚೂರು. ಒಂದು ದಿನದ ಹಾಜರಿ ಹುಡುಕಲು ಇನ್ನೊಂದು ದಿನದ ಕೂಲಿ ಬಿಟ್ಟು ಹೋಗಬೇಕು, ಬಸ್ ಚಾರ್ಜು ಬೇರೆ. ಗಂಡಸರಿಗೆ ಶಕ್ತಿ ಯೋಜನೆಯೂ ಇಲ್ಲ.

ಅಣಕು ಸರ್ವರ್‌ಗೆ ಆಗದ ಕೆಲಸಗಳು

ಇದು ಸರ್ವರೋಗಕ್ಕೂ ಮದ್ದಲ್ಲ. ಅಣಕು ಸರ್ವರ್ ಪರೀಕ್ಷಿಸುವುದು ಆ್ಯಪನ್ನು, ಸರ್ವರನ್ನಲ್ಲ. ಲಕ್ಷಾಂತರ ಜನ ಒಟ್ಟಿಗೆ ನುಗ್ಗಿದಾಗ ಅಸಲಿ ಸರ್ವರ್ ತಡೆದುಕೊಳ್ಳುತ್ತದಾ ಅನ್ನುವುದಕ್ಕೆ ಬೇರೆ ಪರೀಕ್ಷೆ ಬೇಕು. ಸೇವಾಸಿಂಧುವಿನ ಕಷ್ಟ ಆ ಜಾತಿಯದು. ಇನ್ನೊಂದು, ಅಣಕು ಸರ್ವರ್ ನಾವು ಕಲಿಸಿದ್ದನ್ನಷ್ಟೇ ಹೇಳುತ್ತದೆ. ಅಸಲಿ ಸರ್ವರ್‌ನ ನಡವಳಿಕೆ ಬದಲಾಗಿ, ಅಣಕಿಗೆ ಯಾರೂ ತಿಳಿಸದಿದ್ದರೆ, ಪರೀಕ್ಷೆಯೆಲ್ಲ ಹಸಿರು, ಊರೆಲ್ಲ ಕೆಂಪು.

ಮತ್ತು ಮೋಸವನ್ನು ಅದು ಹಿಡಿಯುವುದಿಲ್ಲ. 2025ರ ಜುಲೈ 8ರಂದು ಸಚಿವಾಲಯವೇ ರಾಜ್ಯಗಳಿಗೆ ಬರೆದ ಪತ್ರದಲ್ಲಿ ಈ ಆ್ಯಪಿನ ದುರ್ಬಳಕೆಯ ಬಗೆಗಳನ್ನು ಪಟ್ಟಿ ಮಾಡಿತು. ಸಂಬಂಧವಿಲ್ಲದ ಚಿತ್ರ ಏರಿಸುವುದು, ಫೋಟೋದ ಫೋಟೋ ತೆಗೆದು ಏರಿಸುವುದು, ಇಂಥವು. ಪರಿಹಾರವಾಗಿ ಪಂಚಾಯಿತಿ ಮಟ್ಟದಲ್ಲಿ ಫೋಟೋಗಳನ್ನೆಲ್ಲ ಕಣ್ಣಿಂದ ನೋಡಿ ಪರಿಶೀಲಿಸಿ ಅಂದಿತು. ಕಾಗದದ ಎನ್‌ಎಂಆರ್‌ನಲ್ಲಿ ಕಳ್ಳ ಹೆಸರು ಬರೆಯುತ್ತಿರಲಿಲ್ಲ ಅಂತ ನಾನೂ ಹೇಳಲಾರೆ. ಆದರೆ ಕಳ್ಳರನ್ನು ತಡೆಯಲು ತಂದ ಬಾಗಿಲಲ್ಲಿ ಕಳ್ಳರು ನುಸುಳುವುದೂ, ಕೆಲಸ ಮಾಡಿದವರು ಸಿಕ್ಕಿಕೊಳ್ಳುವುದೂ ಒಟ್ಟಿಗೇ ನಡೆದರೆ ಬಾಗಿಲು ಮಾಡಿದವರನ್ನು ಕೇಳಬೇಕಲ್ವಾ?

ಈ ಆ್ಯಪಿನೊಳಗೆ ಏನಿದೆ ಅಂತ ಹೊರಗಿನವರು ಬಿಚ್ಚಿ ನೋಡುವ ಹಾಗಿಲ್ಲ. ಕೋಡು ಸಾರ್ವಜನಿಕವಾಗಿಲ್ಲ. ಸರ್ಕಾರಿ ಆ್ಯಪುಗಳ ಕೋಡನ್ನು ತೆರೆದಿಡುವ ಬಗ್ಗೆ ಕೇಂದ್ರ ಸರ್ಕಾರದ್ದೇ ಒಂದು ನೀತಿ 2015ರಿಂದ ಇದೆ. ಕೋವಿಡ್ ಹೊತ್ತಿನಲ್ಲಿ ಟೀಕೆ ಜೋರಾದಾಗ, 2020ರ ಮೇ ತಿಂಗಳಲ್ಲಿ ಆರೋಗ್ಯ ಸೇತುವಿನ ಆಂಡ್ರಾಯ್ಡ್ ಕೋಡನ್ನು ತೆರೆದಿಟ್ಟದ್ದೂ ಉಂಟು. ಮಧ್ಯಮ ವರ್ಗದ ಫೋನಿಗೆ ಬಂದಾಗ ಆಗುವ ಕೆಲಸ ಕೂಲಿಯವರ ಫೋನಿಗೆ ಯಾಕಾಗುವುದಿಲ್ಲ?

2025ರ ಡಿಸೆಂಬರಿನಲ್ಲಿ ಸಂಸತ್ತು ನರೇಗಾ ಬದಲಿಗೆ 125 ದಿನದ ಕೆಲಸದ ಹೊಸ ಕಾನೂನು ಪಾಸ್ ಮಾಡಿತು. ಗಾಂಧಿಯ ಹೆಸರು ಹೋಯಿತು ಅಂತ ದೊಡ್ಡ ಗಲಾಟೆ ಆಯಿತು, ಆಗಬೇಕಾದದ್ದೇ. ಆದರೆ ಬಯೊಮೆಟ್ರಿಕ್, ಮೊಬೈಲ್, ಜಿಪಿಎಸ್ ಉಸ್ತುವಾರಿ ಈಗ ಬರೀ ಸುತ್ತೋಲೆಯಲ್ಲಿ ಬರುವುದಲ್ಲ, ಕಾನೂನಿನ ಒಳಗೇ ಬಂದು ಕೂತಿದೆ ಅನ್ನುವುದು ಆ ಗದ್ದಲದಲ್ಲಿ ಹಿಂದೆ ಬಿತ್ತು. ಸಿಗ್ನಲ್ ಮಾತ್ರ ಇದ್ದ ಕಡೆಯೇ ಇದೆ.

ಹಾಗಾಗಿ ಕೇಳಬೇಕಾದದ್ದನ್ನು ಈಗಲೇ ಕೇಳೋಣ. ರಾಯಚೂರು ಜಿಲ್ಲೆಯಲ್ಲಿ ಗ್ರಾಕೂಸ್‌ನಂಥ ಕೂಲಿಕಾರರ ಸಂಘಟನೆಗಳಿವೆ, ಕೆಲಸ ಕೊಡಿ, ಕೂಲಿ ಕೊಡಿ ಅಂತ ಪಂಚಾಯಿತಿ ಮುಂದೆ ಕೂತು ಅಭ್ಯಾಸ ಇರುವವು. ಅವರ ಜೊತೆ ಕೋಡು ಬಲ್ಲ ನಾಲ್ಕು ಹುಡುಗ ಹುಡುಗಿಯರು ಕೂತರೆ ಒಂದು ಸಂಜೆಯಲ್ಲಿ ಮಾಹಿತಿ ಹಕ್ಕಿನ ಅರ್ಜಿ ಸಿದ್ಧವಾಗುತ್ತದೆ. ಉತ್ತರ ಬರದೆ ಲೈನ್ ಕತ್ತರಿಸಿದಾಗ ಆ್ಯಪ್ ಏನು ಮಾಡುತ್ತದೆ ಅನ್ನುವ ಪರೀಕ್ಷೆ ನಡೆದಿದೆಯೇ, ನಡೆದಿದ್ದರೆ ವರದಿ ಕೊಡಿ. ತಡವಾಗಿ ಏರಿಸಿದ ಹಾಜರಿಯಲ್ಲಿ ಯಾವ ಸಮಯ, ಯಾವ ಜಾಗ ದಾಖಲಾಗುತ್ತದೆ. ಏರಿಸಲು ಹೋಗಿ ವಿಫಲವಾದ ಪ್ರಯತ್ನಗಳ ಲೆಕ್ಕ ಇಡುತ್ತೀರಾ, ಮಸ್ಕಿ ತಾಲೂಕಿನದು ಎಷ್ಟು. ಫೋಟೋ ಹೋಗದ ದಿನ ಕಾಯಕ ಬಂಧುವಿನ ಕೈಗೆ, ‘ಇಷ್ಟು ಗಂಟೆಗೆ ಪ್ರಯತ್ನಿಸಿದ್ದಾರೆ’ ಅನ್ನುವ ಒಂದು ಸಂಖ್ಯೆಯನ್ನಾದರೂ ಆ್ಯಪ್ ಕೊಡುತ್ತದೆಯೇ. ಉತ್ತರಗಳನ್ನು ಗ್ರಾಮಸಭೆಯಲ್ಲಿ, ಸಾಮಾಜಿಕ ಪರಿಶೋಧನೆಯ ದಿನ ಓದಿಸಬಹುದು.

ಅರ್ಜಿಗೆ ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. ಉತ್ತರ ಕೊಡಲು ಅವರಿಗೆ 30 ದಿನ. ಸಚಿವಾಲಯಕ್ಕೆ ಆನ್‌ಲೈನ್‌ನಲ್ಲೂ ಹಾಕಬಹುದು. ಸೈಟು ತೆರೆಯದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.